ಕಕ್ಕಡದ ಮಳೆಯಲ್ಲಿ ಕಾವಿಗೆ ಕೂತ ಕೋಳಿ

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಕಾವಿಗೆ ಬಂದ ನಾಟಿ ಕೋಳಿಯನ್ನು ಫ್ರಿಜ್ಜಿನಲ್ಲಿ ಕೂಡಿಟ್ಟಿದ್ದ 16 ಮೊಟ್ಟೆಗಳ ಮೇಲೆ ಕೂರಿಸಿದೆವು. ಆರೇ ಮರಿಗಳಾದವು. ತಿಂಗಳು ತುಂಬುವ ಮೊದಲೇ ನಾಲ್ಕು ಮರಿಗಳು ರೆಕ್ಕೆ ಇಳಿಬಿಟ್ಟು, ರಕ್ತಭೇದಿಯಾಗಿ ಸತ್ತವು. ಇದಕ್ಕೆ ಫ್ರಿಜ್ಜು ಕಾರಣವೇ?

ಉತ್ತರ: ಫ್ರಿಜ್ಜಿನ ಪಾಲೂ ಇದೆ, ಆದರೆ ಮೊದಲ ಕಾರಣ ಮೊಟ್ಟೆಗಳ ಸಂಖ್ಯೆ ಎಂದು ನನಗೆ ತೋರುತ್ತದೆ. ಸಾಧಾರಣ ಗಾತ್ರದ ನಾಟಿ ಕೋಳಿ ಹತ್ತು-ಹನ್ನೆರಡು ಮೊಟ್ಟೆಗಳನ್ನು ಮುಚ್ಚಿ ಕೂರಬಲ್ಲದು. ನಿಮ್ಮ ಕಡೆಯ ಮಳೆಗಾಲದ ಚಳಿಗೆ ಎಂಟೊಂಬತ್ತು ಸಾಕು. ಹೆಚ್ಚಾಗಿ ಇಟ್ಟವಷ್ಟೇ ಕೆಡುತ್ತವೆ ಎಂದುಕೊಳ್ಳಬೇಡಿ. ಕೋಳಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತ, ಅಂಚಿನವನ್ನು ಒಳಕ್ಕೂ ಒಳಗಿನವನ್ನು ಅಂಚಿಗೂ ಸರಿಸುತ್ತಲೇ ಇರುವುದರಿಂದ, ಚೆನ್ನಾಗಿ ಬೆಳೆಯುತ್ತಿದ್ದ ಮೊಟ್ಟೆಯೂ ಒಂದಲ್ಲ ಒಂದು ದಿನ ಹೊರಗೆ ಬಿದ್ದು ತಣ್ಣಗಾಗುತ್ತದೆ. ನಾಲ್ಕು ಮರಿಗಳ ಹೆಚ್ಚಿನ ಆಸೆಗೆ ಇಡೀ ಕಾವು ಕೆಡುವುದು ಹೀಗೆ.

ಕಾವಿಗಿಡುವ ಮೊಟ್ಟೆಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್‌ನ ತಂಪು ಹಿತ. ಫ್ರಿಜ್ಜಿನ ನಾಲ್ಕೈದು ಡಿಗ್ರಿ ಭ್ರೂಣಕ್ಕೆ ಒಗ್ಗುವುದಿಲ್ಲ. ಕಕ್ಕಡದಲ್ಲಿ ಮನೆಯ ತಂಪು ಮೂಲೆಯೇ ಸಾಕು. ಮೊಟ್ಟೆಯನ್ನು ತೊಳೆಯದೆ, ಚೂಪು ತುದಿ ಕೆಳಗಾಗಿ ಇಡಿ. ವಾರ ಕಳೆದದ್ದನ್ನು ಅಡುಗೆಗೆ ಬಳಸಿ. ಕೂರಿಸಿದ ಏಳನೆಯ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಮರಿಕಟ್ಟಿದ ಮೊಟ್ಟೆಯಲ್ಲಿ ಕೆಂಪು ರಕ್ತನಾಳಗಳು ಕಾಣುತ್ತವೆ. ತಿಳಿಯಾಗಿಯೇ ಉಳಿದವನ್ನು ತೆಗೆದುಬಿಡಿ.

ಮರಿಗಳ ಸಾವಿನ ಕಾರಣ ಬೇರೆ. ನೀವು ಹೇಳಿದ ಲಕ್ಷಣಗಳು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗದವು. ಮೂರರಿಂದ ಆರು ವಾರದ ಮರಿಗಳಿಗೆ ಇದರ ಕಾಟ ಹೆಚ್ಚು. ಹಿಕ್ಕೆಯಲ್ಲಿ ಬೀಳುವ ರೋಗಾಣು ಒದ್ದೆ ನೆಲದಲ್ಲಿ ಒಂದೆರಡು ದಿನಗಳಲ್ಲೇ ರೋಗ ಹರಡಲು ಸಿದ್ಧವಾಗುವುದರಿಂದ, ಔಷಧಿಗಿಂತ ಮೊದಲು ನೆಲ ಒಣಗಬೇಕು. ಗೂಡಿನಲ್ಲಿ ಭತ್ತದ ಹೊಟ್ಟನ್ನು ಎರಡು-ಮೂರು ಅಂಗುಲ ದಪ್ಪ ಹರಡಿ, ಒದ್ದೆಯಾದ ಭಾಗವನ್ನು ದಿನವೂ ಬದಲಿಸಿ. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟರೆ ಮರಿಗಳು ಅದನ್ನು ಕೆದಕಿ ಚೆಲ್ಲುವುದು ತಪ್ಪುತ್ತದೆ. ರಕ್ತ ಕಂಡ ದಿನವೇ ಪಶುವೈದ್ಯರನ್ನು ಕೇಳಿ ಆಂಪ್ರೋಲಿಯಂ ಔಷಧಿಯನ್ನು ಕುಡಿಯುವ ನೀರಿನಲ್ಲಿ ಕೊಡಬೇಕು. ಅರಿಸಿನ ನೀರಿನಿಂದ ಈ ರೋಗ ನಿಲ್ಲುತ್ತದೆಂಬ ನಂಬಿಕೆಯಲ್ಲಿ ದಿನ ಕಳೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಮುಂದಿನ ಸಲ ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲೆ ಕೂರಿಸಿ. ಬಿಸಿಲಿರುತ್ತದೆ, ನೆಲವೂ ಒಣಗಿರುತ್ತದೆ. ಮರಿಗಳಿಗೆ ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ (ಕೋಳಿಗಳನ್ನು ಕೊಲ್ಲುವ ರಾಣಿಖೇತ್ ಸೋಂಕು) ಲಸಿಕೆಯ ಹನಿಯನ್ನು ಕಣ್ಣಿಗೆ ಹಾಕಿಸಿ. ಈಗ ಉಳಿದಿರುವ ಎರಡಕ್ಕೆ ಹಾಕಿಸಿರದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಅವುಗಳ ವಯಸ್ಸು ತಿಳಿಸಿ, ಯಾವ ಲಸಿಕೆ ಸೂಕ್ತವೆಂದು ಕೇಳಿ.