ರಾತ್ರಿ ಪಾಳಿಯವರಿಗೆ ಮೊದಲು ಬಂದ ಸುದ್ದಿ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪತ್ರ ಎರಡು ಸಲ ಓದಿದೆ. ಪರದೇಶಕ್ಕೆ ಬಂದು ಮೂರು ತಿಂಗಳಾಗಿದೆ. ಸುತ್ತ ಎಲ್ಲರೂ ಕ್ರಿಸ್‌ಮಸ್ ಸಡಗರದಲ್ಲಿದ್ದಾರೆ, ನಿನಗೆ ಮಾತ್ರ ಎಲ್ಲಾ ಭಣಭಣ ಅನ್ನಿಸುತ್ತಿದೆ. ಸಂಸಾರ ಇರುವವರೆಲ್ಲ ರಜೆ ಹಾಕಿದ್ದಾರೆ, ಹಬ್ಬದ ಹಿಂದಿನ ರಾತ್ರಿಯ ಪಾಳಿ ನಿನ್ನ ತಲೆಗೇ ಬಂದಿದೆ. ಇದರ ನಡುವೆ ಜೊತೆಗೆ ಕೆಲಸ ಮಾಡುವವರೊಬ್ಬರು ಚರ್ಚಿಗೆ ಬಾ ಅಂತ ಕರೆದಿದ್ದಾರೆ. "ಈ ಸಂತೋಷ ಎಲ್ಲರಿಗೂ ಅಂತಾರೆ ಅಕ್ಕ, ಆ ಎಲ್ಲರಲ್ಲಿ ನಾನೂ ಇದ್ದೀನಾ? ನಾನು ಕ್ರಿಶ್ಚಿಯನ್ ಅಲ್ವಲ್ಲ" ಎಂದು ಕೇಳಿದ್ದೀಯ.

ನಾನು ಹುಟ್ಟಿನಿಂದಲೇ ಕ್ರಿಶ್ಚಿಯನ್. ಇಲ್ಲಿಗೆ ಬಂದು 19 ವರ್ಷವಾಯಿತು. ಆದರೂ ಇಲ್ಲಿ ಕಳೆದ ಮೊದಲ ಕ್ರಿಸ್‌ಮಸ್ ನಿನ್ನದಕ್ಕಿಂತ ಚೆನ್ನಾಗೇನೂ ಇರಲಿಲ್ಲ. ಹಬ್ಬದ ಹಿಂದಿನ ರಾತ್ರಿ ಚರ್ಚಿನಲ್ಲಿ ನಡೆಯುವ ಆರಾಧನೆಗೆ ನಡುರಾತ್ರಿಯ ಬಲಿಪೂಜೆ ಅಂತಾರೆ, ಅದು ನಡುರಾತ್ರಿಗೇ ಅಂದುಕೊಂಡಿದ್ದೆ. ಹನ್ನೊಂದೂವರೆಗೆ ಹೋದರೆ ಬಾಗಿಲು ಹಾಕಿದೆ! ಹೆಸರಿಗೆ ನಡುರಾತ್ರಿ ಪೂಜೆಯಾದರೂ ಎಷ್ಟೋ ಚರ್ಚುಗಳಲ್ಲಿ ಅದನ್ನು ಮೊದಲೇ ಮುಗಿಸಿಬಿಡುತ್ತಾರೆ ಎಂಬುದು ಗೊತ್ತೇ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಅಳು ಬರುವುದೊಂದು ಬಾಕಿ. ಒಳಗೆ ನೆಲ ಒರೆಸುತ್ತಿದ್ದವರೊಬ್ಬರು ನನ್ನನ್ನು ನೋಡಿ ಬಾಗಿಲು ತೆಗೆದರು. ಗೋದಲಿ, ಅಂದರೆ ಯೇಸು ಹುಟ್ಟಿದ ದೃಶ್ಯದ ಬೊಂಬೆಗಳನ್ನು ಇಟ್ಟಿದ್ದ ಮೂಲೆಯ ದೀಪ ಹಾಕಿ ಕೈ ತೋರಿಸಿದರು. ಅವರೂ ಬೇರೆ ದೇಶದವರು, ಬೇರೆ ಧರ್ಮದವರು. ಇಬ್ಬರಿಗೂ ಇಲ್ಲಿನ ಭಾಷೆ ಅಷ್ಟಕ್ಕಷ್ಟೆ. ಐದು ನಿಮಿಷ ಸುಮ್ನೆ ನಿಂತಿದ್ದೆವು. ಅವರು ಮತ್ತೆ ಬಕೆಟ್ ಎತ್ತಿಕೊಂಡರು, ನಾನು ಕೊನೆಯ ಬಸ್ಸು ಹಿಡಿದೆ.

ಬಸ್ಸಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ಅಷ್ಟು ವರ್ಷ ಕೇಳಿದ್ದರೂ ಅದರ ಕಡೆ ಗಮನ ಹೋಗಿರಲಿಲ್ಲ. ಯೇಸು ಹುಟ್ಟಿದ ಸುದ್ದಿ ಮೊದಲು ಯಾರಿಗೆ ಸಿಕ್ಕಿತು? ಊರೆಲ್ಲ ಮಲಗಿದ್ದಾಗ ಎದ್ದು ಕೆಲಸ ಮಾಡುತ್ತಿದ್ದವರಿಗೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಲ್ಲಿ ಒಂದಾದ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದು ನೋಡು. ಕುರುಬರು ಬಯಲಿನಲ್ಲಿ ರಾತ್ರಿ ಹಿಂಡು ಕಾಯುತ್ತಿದ್ದರು ಎಂದಿದೆ. ನಿನ್ನ ಭಾಷೆಯಲ್ಲಿ ಹೇಳುವುದಾದರೆ ನೈಟ್ ಶಿಫ್ಟ್. ಅರಮನೆಗೆ ಹೇಳಿಕಳಿಸಲಿಲ್ಲ, ದೇವಾಲಯದ ಪೂಜಾರಿಗಳಿಗೂ ಹೇಳಲಿಲ್ಲ. ದೇವದೂತ ಬಂದಿದ್ದು ಈ ಕೆಲಸಗಾರರ ಹತ್ತಿರ. ಹೆದರಬೇಡಿ, ಜನರಿಗೆಲ್ಲಾ ಮಹಾ ಸಂತೋಷ ತರುವ ಸುದ್ದಿ ತಂದಿದ್ದೇನೆ ಅಂದ. ಗುರುತೇನು ಅಂದರೆ ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿರುವ ಒಂದು ಕೂಸು. ದನಕ್ಕೆ ಮೇವು ಹಾಕುವ ತೊಟ್ಟಿ ಕಣೋ ಅದು. ಕುರುಬರು ಹಿಂಜರಿಯದೆ ಒಳಗೆ ಹೋಗಬಹುದಾದ ಜಾಗ. ದೊಡ್ಡವರ ಮನೆಯ ತೊಟ್ಟಿಲಾಗಿದ್ದರೆ ಕಾವಲಿನವನು ಅವರನ್ನು ಗೇಟಿನಲ್ಲೇ ತಡೆಯುತ್ತಿದ್ದ, ಅಲ್ವಾ?

ಈಗ ನೀನು ಕೇಳಿದ "ಎಲ್ಲರಿಗೂ" ಎಂಬ ಮಾತಿಗೆ ಬರುತ್ತೇನೆ. ಲೂಕನ ಗ್ರೀಕ್ ಮಾತಿನಲ್ಲಿ ಅದು ಏಕವಚನ, ಜನಾಂಗಕ್ಕೆಲ್ಲ ಎಂಬಂತೆ. ಹಾಗಾಗಿ ಅಲ್ಲಿ ಮೊದಲಿಗೆ ಇಸ್ರಾಯೇಲಿನ ಜನರನ್ನೇ ಮನಸ್ಸಿನಲ್ಲಿಟ್ಟು ಹೇಳಿದ್ದು ಎನ್ನುವ ಪಂಡಿತರಿದ್ದಾರೆ. ಇರಬಹುದು. ಆದರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಹೋದರೆ ಯೆರೂಸಲೇಮಿನ ದೇವಾಲಯದಲ್ಲಿ ಸಿಮೆಯೋನ ಎಂಬಾತ ಕೂಸನ್ನು ಎತ್ತಿಕೊಳ್ಳುತ್ತಾನೆ. ಇದು ಅನ್ಯಜನರಿಗೂ, ಅಂದರೆ ಇಸ್ರಾಯೇಲಿನವರಲ್ಲದವರಿಗೂ ಬೆಳಕು ಎನ್ನುತ್ತಾನೆ. ಒಂದೇ ಜನಾಂಗದ ಸಂತೋಷ ಅಂತ ಶುರುವಾದದ್ದು ಅಲ್ಲೇ ಗಡಿ ದಾಟುತ್ತದೆ. ಅಂದಹಾಗೆ ಆ ದಿನ ಕೂಸಿನ ತಾಯಿ ಮರಿಯಳು, ಅವಳ ಗಂಡ ಯೋಸೇಫ ದೇವಾಲಯಕ್ಕೆ ಕೊಡಬೇಕಿದ್ದದ್ದು ಒಂದು ಜೋಡಿ ಹಕ್ಕಿ. ಕುರಿಮರಿ ತರಲು ಕೈಲಾಗದವರಿಗೆ ಅಂತಲೇ ಧರ್ಮಶಾಸ್ತ್ರ ಬಿಟ್ಟುಕೊಟ್ಟಿದ್ದ ಕಾಣಿಕೆ ಅದು. ತಿಂಗಳ ಕೊನೆಯ ಕಷ್ಟ ಅವರಿಗೂ ಗೊತ್ತಿತ್ತು.

ಮತ್ತಾಯ ಇನ್ನೊಂದು ದಾರಿ ಹಿಡಿಯುತ್ತಾನೆ. ಅವನ ಸುವಾರ್ತೆ ಶುರುವಾಗುವುದೇ ಉದ್ದದ ವಂಶಾವಳಿಯಿಂದ. ಚಿಕ್ಕವಳಿದ್ದಾಗ ಅದನ್ನು ಓದುವಾಗ ನಿದ್ದೆ ಬರುತ್ತಿತ್ತು. ಪರದೇಶಕ್ಕೆ ಬಂದ ಮೇಲೆ ನನಗೆ ಅದೇ ಇಷ್ಟವಾಯಿತು. ಗಂಡಸರ ಹೆಸರುಗಳ ಸಾಲಿನ ನಡುವೆ ರಾಹಾಬಳು ಬರುತ್ತಾಳೆ, ಕಾನಾನಿನವಳು. ರೂತಳು ಬರುತ್ತಾಳೆ, ಮೋವಾಬಿನವಳು. ಗಂಡ ಸತ್ತ ಮೇಲೆ ಅತ್ತೆಯ ಕೈ ಬಿಡದೆ ಗೊತ್ತಿಲ್ಲದ ಊರಿಗೆ ಬಂದವಳು. ಯಾರದೋ ಹೊಲದಲ್ಲಿ ಕೊಯ್ಲಿನವರು ಬಿಟ್ಟ ತೆನೆ ಆಯ್ದು ಹೊಟ್ಟೆ ಹೊರೆದವಳು. ಆ ಊರು ಯಾವುದು ಗೊತ್ತಾ? ಬೆತ್ಲೆಹೇಮ್. ಅಂದರೆ ಯೇಸು ಹುಟ್ಟಿದ ಊರಿಗೆ ಅವನ ಮುತ್ತಜ್ಜಿಯರಲ್ಲಿ ಒಬ್ಬಳು ಹೊರಗಿನವಳಾಗಿ ಬಂದು ಸೇರಿದ್ದಳು. ಮತ್ತಾಯ ಇದನ್ನು ಮುಚ್ಚಿಡಬಹುದಿತ್ತು. ಮೊದಲ ಪುಟದಲ್ಲೇ ಬರೆದಿಟ್ಟ.

ಆಮೇಲೆ ಮೂಡಣ ದೇಶದಿಂದ ನಕ್ಷತ್ರ ನೋಡಿಕೊಂಡು ಬಂದವರ ಕಥೆ. ನಮ್ಮ ಕನ್ನಡ ಬೈಬಲಿನಲ್ಲಿ ಅವರನ್ನು ಜೋಯಿಸರು ಅಂತಾರೆ. ಎಷ್ಟು ಸರಿಯಾದ ಮಾತು! ಮೂವರು ಎಂದು ಮತ್ತಾಯ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಸುಗಂಧದ ಅಂಟು ಎಂದು ಮೂರು ಕಾಣಿಕೆ ಇದ್ದದ್ದಕ್ಕೆ ಜನ ಮೂವರು ಅಂದುಕೊಂಡರು. ಬೇರೆ ನಾಡಿನವರು, ಬೇರೆ ನಂಬಿಕೆಯವರು, ತಮ್ಮದೇ ವಿದ್ಯೆಯನ್ನು ನೆಚ್ಚಿ ಬಂದವರು. ನಕ್ಷತ್ರ ಕಂಡಾಗ ಅವರಿಗೆ ಎಷ್ಟು ಸಂತೋಷವಾಯಿತು ಎಂಬುದನ್ನು ಮತ್ತಾಯ ಒತ್ತಿ ಹೇಳುತ್ತಾನೆ. ಈ ಕಥೆಯಲ್ಲಿ ಅಷ್ಟು ಜೋರಾಗಿ ಸಂತೋಷಪಟ್ಟವರು ಹೊರಗಿನವರೇ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ.

ಆದರೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. "ಎಲ್ಲರಿಗೂ ಸಂತೋಷ" ಎಂದರೆ ಎಲ್ಲರೂ ನಗುನಗುತ್ತಾ ಇರಿ ಎಂಬ ಬರೀ ಹಾರೈಕೆ ಅಂತ ನಾವು ತಿಳಿಯುವುದಿಲ್ಲ. ಅದು ನಮ್ಮ ನಂಬಿಕೆಯ ನಡುಮನೆ. ಮನುಷ್ಯ ದೇವರ ಹತ್ತಿರ ಹತ್ತಿ ಹೋಗಲಾರ, ಹಾಗಾಗಿ ದೇವರೇ ಇಳಿದು ಬಂದ. ಯೇಸುವಿಗೆ ಇರುವ ಇಮ್ಮಾನುವೇಲ್ ಎಂಬ ಹೆಸರಿನ ಅರ್ಥವೇ ದೇವರು ನಮ್ಮ ಸಂಗಡ ಇದ್ದಾನೆ ಅಂತ. ಯೋಹಾನನ ಸುವಾರ್ತೆಯಲ್ಲಿ ಗೋದಲಿಯೂ ಇಲ್ಲ, ಕುರುಬರೂ ಇಲ್ಲ. ದೇವರ ವಾಕ್ಯ ಮನುಷ್ಯನಾಗಿ ನಮ್ಮ ನಡುವೆ ವಾಸಮಾಡಿತು ಎನ್ನುತ್ತಾನೆ. ಆ "ವಾಸ" ಎಂಬುದಕ್ಕೆ ಗ್ರೀಕಿನಲ್ಲಿ ಇರುವುದು ಗುಡಾರ ಹಾಕುವ ಮಾತು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪೆಟ್ಟಿಗೆ ಹೊತ್ತವರಿಗೆ ಇದು ಬೇಗ ತಿಳಿಯುತ್ತದೆ.

ಐದನೇ ಶತಮಾನದಲ್ಲಿ ರೋಮಿನಲ್ಲಿ ಲಿಯೋ ಎಂಬ ಪೋಪ್ ಇದ್ದರು. ಅವರ ಒಂದು ಕ್ರಿಸ್‌ಮಸ್ ಪ್ರಸಂಗ ಇವತ್ತಿಗೂ ಓದಲು ಸಿಗುತ್ತದೆ. ಈ ಸಂತೋಷದಿಂದ ಯಾರನ್ನೂ ಹೊರಗಿಟ್ಟಿಲ್ಲ ಎಂಬುದು ಅದರ ತಿರುಳು. ಸಂತ ಹಿಗ್ಗಲಿ, ಗೆಲುವು ಹತ್ತಿರವಾಗಿದೆ. ಪಾಪಿಯೂ ಹಿಗ್ಗಲಿ, ಕ್ಷಮೆಗೆ ಕರೆ ಬಂದಿದೆ. ಇನ್ನೂ ನಂಬದವನು ಧೈರ್ಯ ತಂದುಕೊಳ್ಳಲಿ, ಅವನನ್ನೂ ಜೀವಕ್ಕೆ ಕರೆದಿದೆ. ಅಂದರೆ ಇದು ಕರೆಯೋಲೆ. ಹೋಗುವುದು ಬಿಡುವುದು ಕರೆಸಿಕೊಂಡವರ ಇಷ್ಟ. ನಿನ್ನನ್ನು ಕರೆದವರ ಮನಸ್ಸಿನಲ್ಲಿ ಇವನೂ ಒಂದು ದಿನ ನಂಬಲಿ ಎಂಬ ಆಸೆ ಇರಬಹುದು. ಬರೀ ಸ್ನೇಹವೂ ಇರಬಹುದು. ಎರಡೂ ಇದ್ದರೂ ತಪ್ಪೇನಿಲ್ಲ. ಕೇಳಿಸಿಕೊಂಡು ಸಮಾಧಾನವಾಗಿ ಮನೆಗೆ ಬಾ. ಒತ್ತಾಯ ಮಾಡಿದರೆ ಮಾತ್ರ "ಇಲ್ಲ" ಅಂತ ಖಡಾಖಂಡಿತವಾಗಿ ಹೇಳು. ಕುರುಬರನ್ನೂ ಯಾರೂ ಎಳೆದುಕೊಂಡು ಹೋಗಲಿಲ್ಲ.

ಇನ್ನು ನಿನ್ನ ಭಣಭಣ. ಎಲ್ಲರೂ ನಗುವಾಗ ನಾನೂ ನಗಬೇಕಲ್ಲ ಎಂಬುದೇ ದೊಡ್ಡ ಹಿಂಸೆ. ಆ ಹೊರೆ ಇಳಿಸಿಬಿಡು. ಚರ್ಚಿನ ಪಂಚಾಂಗವೇ ಅಷ್ಟು ನಗುವುದಿಲ್ಲ. ಪಶ್ಚಿಮದ ಸಂಪ್ರದಾಯದಲ್ಲಿ ಡಿಸೆಂಬರ್ 25ರ ಮರುದಿನವೇ ಯೇಸುವನ್ನು ನಂಬಿದ್ದಕ್ಕೆ ಕಲ್ಲೇಟು ತಿಂದು ಸತ್ತ ಸ್ತೆಫನನ ನೆನಪು. 28ಕ್ಕೆ ರಾಜ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ನೆನಪು. ಆ ಕೊಲೆಯಿಂದ ತಪ್ಪಿಸಿಕೊಳ್ಳಲು ಯೋಸೇಫ ರಾತ್ರೋರಾತ್ರಿ ಹೆಂಡತಿ ಮಗುವನ್ನು ಕರೆದುಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ ಓಡಿದ. ಅಲ್ಲಿ ಅವರಿಗೆ ಯಾರ ಪರಿಚಯ ಇತ್ತು, ಎಲ್ಲಿ ಉಳಿದುಕೊಂಡರು, ಮತ್ತಾಯ ಒಂದು ಮಾತೂ ಹೇಳುವುದಿಲ್ಲ. ನನಗೆ ಪ್ರತಿ ವರ್ಷ ಅದನ್ನೇ ಕೇಳಬೇಕು ಅನ್ನಿಸುತ್ತದೆ. ಸಂತೋಷದ ಕಥೆಯ ಒಳಗೇ ಇಷ್ಟು ಅಳು ಇದೆ. ಹಾಗಾಗಿ ಮುಖ ಸಪ್ಪೆಯಾಗಿದ್ದರೂ ನಿನಗೆ ಅಲ್ಲಿ ಜಾಗ ಇದ್ದೇ ಇದೆ.

ಚರ್ಚಿನಲ್ಲಿ ಏನು ಮಾಡಬೇಕು ಅಂತಲೂ ಕೇಳಿದ್ದೀಯ. ಜಾಸ್ತಿ ಏನಿಲ್ಲ. ಎಲ್ಲರೂ ಎದ್ದಾಗ ಏಳು, ಕೂತಾಗ ಕೂರು. ಹಾಡು ಬಾರದಿದ್ದರೆ ಕೇಳಿಸಿಕೋ. ಕಾಣಿಕೆ ತಟ್ಟೆ ಬಂದರೆ ಏನೂ ಹಾಕದೆ ಪಕ್ಕಕ್ಕೆ ದಾಟಿಸಬಹುದು. ಪ್ರಸಾದಕ್ಕೆ ಜನ ಸಾಲು ನಿಂತಾಗ ಮಾತ್ರ ನೀನು ಜಾಗದಲ್ಲೇ ಕೂತಿರು. ಅದು ದೀಕ್ಷಾಸ್ನಾನ ಪಡೆದು ನಂಬಿದವರಿಗೆ ಇರುವುದು, ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಲ್ಲಾ ಮುಗಿದ ಮೇಲೆ ಗೋದಲಿಯ ಹತ್ತಿರ ಹೋಗಿ ನಿಂತುಕೋ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ, ನಿಜವಾದ ಎತ್ತು, ಕತ್ತೆ ತರಿಸಿ ಜನಕ್ಕೆ ಆ ರಾತ್ರಿಯನ್ನು ಕಣ್ಣಾರೆ ತೋರಿಸಿದರು. ಲೂಕನಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಬಂದಿದ್ದು ಯೇಸುವಿಗಿಂತ ಹಿಂದಿನ ಪ್ರವಾದಿ ಯೆಶಾಯನ ಒಂದು ಮಾತಿನಿಂದ. ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಗೋದಲಿಯನ್ನು ಬಲ್ಲದು, ಜನಕ್ಕೆ ಮಾತ್ರ ತಿಳಿಯದು ಎಂದು ಬೈದ ಮಾತು ಅದು. ಗೋದಲಿಯ ಮುಂದೆ ನಿಂತಾಗೆಲ್ಲ ನನಗೆ ಆ ಬೈಗುಳ ನೆನಪಾಗಿ ನಗು ಬರುತ್ತದೆ.

ನಿನ್ನ ಪಾಳಿ ರಾತ್ರಿ ಹತ್ತಕ್ಕೆ ತಾನೇ? ಸಂಜೆಯ ಪೂಜೆ ನೋಡಿಕೊಂಡು ನೆಟ್ಟಗೆ ಕೆಲಸಕ್ಕೆ ಹೋಗಲು ಸಮಯ ಆಗುತ್ತದೆ. ಕುರುಬರೂ ಕೂಸನ್ನು ನೋಡಿಕೊಂಡು ಕೆಲಸಕ್ಕೇ ವಾಪಸ್ ಹೋದವರು. ಪೂಜೆ ಎಷ್ಟು ಗಂಟೆಗೆ ಅಂತ ಮಾತ್ರ ಇವತ್ತೇ ಕೇಳಿಕೋ ಮಾರಾಯ. ನನ್ನ ಹಾಗೆ ಬಾಗಿಲು ಹಾಕಿದ ಮೇಲೆ ಹೋಗಬೇಡ.