ಒಂದೇ ಹೆಸರಿನ ಹಿರಿಯರು: ಯಾವ ದಾಖಲೆ ಯಾರದು?

ಪ್ರಶ್ನೆ: ನಮ್ಮ ಮನೆತನದ ವಂಶವೃಕ್ಷವನ್ನು ಸಿದ್ಧಪಡಿಸುತ್ತಿದ್ದೇನೆ. 1840ರಿಂದ 1910ರವರೆಗಿನ ಕಾಗದಪತ್ರಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಮುತ್ತಜ್ಜ, ಅವರ ತಮ್ಮನ ಮಗ ಹಾಗೂ ಮುತ್ತಜ್ಜನ ಮೊಮ್ಮಗ, ಈ ಮೂವರಿಗೂ ಅದೇ ಹೆಸರು. ಕೆಲವೆಡೆ ‘ಹಿರಿಯ’, ‘ಕಿರಿಯ’ ಎಂದು ಬರೆದಿದೆ. ಯಾವ ದಾಖಲೆ ಯಾರದೆಂದು ನಿರ್ಧರಿಸುವುದು ಹೇಗೆ?

ಉತ್ತರ: ಮೂವರಿದ್ದಾರೆ ಎಂಬ ಎಣಿಕೆಯನ್ನು ಸದ್ಯಕ್ಕೆ ಬದಿಗಿಡಿ. ಅದನ್ನು ಮೊದಲೇ ನಿಶ್ಚಯಿಸಿಕೊಂಡರೆ, ಸಿಕ್ಕ ಪ್ರತಿಯೊಂದು ಕಾಗದವನ್ನೂ ಆ ಮೂವರಲ್ಲಿ ಯಾರಾದರೊಬ್ಬರ ಲೆಕ್ಕಕ್ಕೆ ಸೇರಿಸುವ ಮನಸ್ಸಾಗುತ್ತದೆ. ದಾಖಲೆಯಲ್ಲಿರುವವರು ನಿಮಗೆ ಗೊತ್ತೇ ಇಲ್ಲದ ನಾಲ್ಕನೆಯವರಾಗಿರಬಹುದು. ಎಳವೆಯಲ್ಲೇ ತೀರಿಕೊಂಡ ಮಗುವಿನ ಹೆಸರನ್ನು ಅನಂತರ ಹುಟ್ಟಿದ ಮಗುವಿಗೂ ಇಟ್ಟಿರಬಹುದು. ಆದ್ದರಿಂದ ಪ್ರತಿ ದಾಖಲೆಗೂ ಒಂದೊಂದು ಹಾಳೆ ಮೀಸಲಿಟ್ಟು, ತಾರೀಖು, ಊರು, ಕಸುಬು, ತಂದೆಯ ಮತ್ತು ಹೆಂಡತಿಯ ಹೆಸರು, ಸಾಕ್ಷಿದಾರರು ಇವೆಲ್ಲವನ್ನೂ ಅದರಲ್ಲಿ ಇದ್ದಂತೆಯೇ ಬರೆದುಕೊಳ್ಳಿ.

‘ಹಿರಿಯ’, ‘ಕಿರಿಯ’ ಎಂಬ ಮಾತುಗಳ ವಿಷಯದಲ್ಲಿ ತುಂಬ ಎಚ್ಚರ ಬೇಕು, ಏಕೆಂದರೆ ವಂಶವೃಕ್ಷಗಳು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. ಹಳೆಯ ದಾಖಲೆಗಳಲ್ಲಿ ಇವು ತಂದೆ ಮಕ್ಕಳನ್ನೇ ಸೂಚಿಸಬೇಕೆಂದಿಲ್ಲ. ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಬದುಕಿದ್ದ ಇಬ್ಬರನ್ನು ಬೇರ್ಪಡಿಸಲು ಬರೆಯುವವರು ಇವನ್ನು ಬಳಸುತ್ತಿದ್ದರು. ಆ ಇಬ್ಬರು ದೊಡ್ಡಪ್ಪ ಮತ್ತು ತಮ್ಮನ ಮಗನಾಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ಹಿರಿಯರು ತೀರಿಕೊಂಡ ಮೇಲೆ ಅದುವರೆಗೆ ಕಿರಿಯರಾಗಿದ್ದವರೇ ಹಿರಿಯರೆನಿಸಿಕೊಳ್ಳುತ್ತಿದ್ದುದರಿಂದ, 1855ರ ‘ಕಿರಿಯ’ರೂ 1880ರ ‘ಹಿರಿಯ’ರೂ ಒಬ್ಬರೇ ಆಗಿರುವ ಸಾಧ್ಯತೆ ಇದೆ. ಈ ವಿಶೇಷಣವನ್ನು ಆಯಾ ವರ್ಷಕ್ಕಷ್ಟೇ ಅನ್ವಯಿಸಿಕೊಳ್ಳಿ.

ವಯಸ್ಸೊಂದನ್ನೇ ನೆಚ್ಚಬೇಡಿ. ಇಂಗ್ಲೆಂಡಿನ 1841ರ ಜನಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯೇ ಇತ್ತು. ಹಾಗಾಗಿ 39 ವರ್ಷದವರು ಅಲ್ಲಿ 35 ಆಗಿ ಕಾಣುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಜಮೀನಿನ ಕಾಗದ. ಒಂದು ಕ್ರಯಪತ್ರವನ್ನು ತೆಗೆದುಕೊಂಡು ಅದರ ಚಕ್ಕುಬಂದಿಯನ್ನು ಓದಿ: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ ಎಂಬುದನ್ನು ಗುರುತಿಸಿಕೊಂಡರೆ, ಅದೇ ಜಮೀನು ಮುಂದೆ ವಿಭಾಗಪತ್ರದಲ್ಲೋ ಉಯಿಲಿನಲ್ಲೋ ಬಂದಾಗ ನಿಮಗೆ ತಿಳಿಯುತ್ತದೆ. ಕೊಂಡವರು ಯಾರೆಂಬುದು ಕ್ರಯಪತ್ರದಿಂದ ಸ್ಪಷ್ಟವಾಗದಿದ್ದರೂ, ಆ ಜಮೀನು ಯಾರ ಮಕ್ಕಳ ಪಾಲಿಗೆ ಬಂತೆಂಬುದು ಅದನ್ನು ಬಹುಮಟ್ಟಿಗೆ ತಿಳಿಸುತ್ತದೆ. ಸಹಿಯೂ ನೆರವಾಗುತ್ತದೆ. ಒಬ್ಬರು ಯಾವಾಗಲೂ ಪೂರ್ಣ ಸಹಿ ಹಾಕುತ್ತಿದ್ದು ಇನ್ನೊಬ್ಬರು ಹೆಬ್ಬೆಟ್ಟು ಒತ್ತುತ್ತಿದ್ದರೆ ಇಬ್ಬರನ್ನು ಬೇರೆ ಮಾಡಲು ಅದು ಒಳ್ಳೆಯ ಕಾರಣ, ಆದರೆ ಮುಪ್ಪಿನಲ್ಲಿ ಕೈ ನಡುಗುವವರೂ ಹೆಬ್ಬೆಟ್ಟು ಒತ್ತಿರಬಹುದು. ಸಹಿಗಳನ್ನು ಮೂಲಪತ್ರಗಳಲ್ಲೇ ಹೋಲಿಸಬೇಕು. ಕೈಬರಹದ ನಕಲಿನಲ್ಲಿರುವುದು ನಕಲು ಮಾಡಿದ ಗುಮಾಸ್ತರ ಅಕ್ಷರ.

ಕಂದಾಯದ ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ವ್ಯಕ್ತಿ ಆಗ ಬದುಕಿದ್ದರೆಂದು ಭಾವಿಸಬೇಡಿ. ವಾರಸುದಾರರ ಹೆಸರಿಗೆ ಖಾತೆ ಬದಲಾಗುವವರೆಗೆ, ಕೆಲವೊಮ್ಮೆ ಹಲವು ವರ್ಷಗಳ ಕಾಲ, ತೀರಿಕೊಂಡವರ ಹೆಸರೇ ಪಟ್ಟಿಯಲ್ಲಿ ಮುಂದುವರಿಯುತ್ತದೆ.

ತಂದೆ, ಹೆಂಡತಿ, ಜಮೀನು, ಸಾಕ್ಷಿದಾರರು ಇವುಗಳಲ್ಲಿ ಕನಿಷ್ಠ ಎರಡು ಅಂಶಗಳಾದರೂ ಹೊಂದಿಕೊಂಡು, ವಿರುದ್ಧವಾದದ್ದು ಯಾವುದೂ ಇಲ್ಲದಿದ್ದರೆ ಮಾತ್ರ ಎರಡು ಹಾಳೆಗಳನ್ನು ಒಬ್ಬರವೆಂದು ಸೇರಿಸಿ, ಸೇರಿಸಿದ ಕಾರಣವನ್ನು ಅಲ್ಲೇ ಬರೆದಿಡಿ. ಉಳಿದವು ಪ್ರತ್ಯೇಕವಾಗಿಯೇ ಇರಲಿ. ಬೇರೆಯಾಗಿಟ್ಟ ಹಾಳೆಗಳನ್ನು ಹೊಸ ದಾಖಲೆ ಸಿಕ್ಕಾಗ ಕೂಡಿಸುವುದು ಸುಲಭ. ಇಬ್ಬರನ್ನು ಒಬ್ಬರೆಂದು ಬರೆದು ಬಂಧುಗಳಿಗೆಲ್ಲ ಹಂಚಿದ ವಂಶವೃಕ್ಷವನ್ನು ತಿದ್ದುವುದು ಬಹಳ ಕಷ್ಟ.