ಅಮ್ಮನಿಗೆ ಎಷ್ಟು ಹೇಳಬೇಕು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅರವತ್ತು ದಾಟಿದ ತಾಯಿಗೆ ಅಂಡಾಶಯದ ಕ್ಯಾನ್ಸರ್. ಡಾಕ್ಟರಿಗೆ ಅವರ ಭಾಷೆ ಬರುವುದಿಲ್ಲ. ನಡುವೆ ಮಗಳೇ ಮಾತು ದಾಟಿಸುತ್ತಿದ್ದರು, ಕಾಯಿಲೆಯ ಹೆಸರೊಂದನ್ನು ಬಿಟ್ಟು. "ಇದು ಪೂರ್ತಿ ವಾಸಿಯಾಗುತ್ತಾ ಕೇಳು" ಎಂದರು ತಾಯಿ. ಮಗಳು ಕೇಳಲೇ ಇಲ್ಲ. "ಆಗುತ್ತಂತೆ" ಎಂದುಬಿಟ್ಟರು. ತಾಯಿ ಡಾಕ್ಟರ ಮುಖ ನೋಡಿದರು. ಅವರು ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ.

ಆಪರೇಷನ್ನಿನ ಒಪ್ಪಿಗೆ ಪತ್ರ ಕೈಗೆ ಬಂದಾಗ ಮಗಳು ನನ್ನ ಬಳಿ ಬಂದರು. "ಏನಂತ ಹೇಳಿ ಸಹಿ ಹಾಕಿಸಲಿ?"

ಅವರನ್ನು ಗದರಿಸಿ ಪ್ರಯೋಜನವಿಲ್ಲ. ವೈದ್ಯರೇ ಹೀಗೆ ಮುಚ್ಚಿಡುತ್ತಿದ್ದ ಕಾಲವಿತ್ತು. 1961ರ ಅಮೆರಿಕದ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಸುಮಾರು 90 ವೈದ್ಯರು ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಒಳ್ಳೆಯದು ಎಂದಿದ್ದರು. 1979ರಲ್ಲಿ 97 ಮಂದಿ ಹೇಳುತ್ತೇವೆ ಎಂದರು. ಹಾಗಂತ ಎಲ್ಲವನ್ನೂ ಒಮ್ಮೆಲೇ ಸುರಿಯಬೇಕಿಲ್ಲ. ಎಷ್ಟು ತಿಳಿಯಬೇಕು ಅಂತ ಮೊದಲು ರೋಗಿಯನ್ನೇ ಕೇಳಬೇಕು. ಹೆಚ್ಚಿನ ಮನೆಗಳಲ್ಲಿ ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿರುವುದೇ ಇಲ್ಲ.

ನಾನು ಹೇಳಿದ್ದು ಇಷ್ಟು. ಮಾತು ದಾಟಿಸುವ ಕೆಲಸ ನೀವು ಬಿಡಿ. ಆಸ್ಪತ್ರೆಯ ದುಭಾಷಿಯನ್ನೋ ಭಾಷೆ ಬಲ್ಲ ನರ್ಸನ್ನೋ ಕೇಳಿ ಪಡೆಯಿರಿ. ಅಳು ನುಂಗಿಕೊಂಡು ನೀವೇ ಎಲ್ಲ ಹೇಳಬೇಕು ಅಂತ ಯಾರೂ ಬಯಸಬಾರದು. ಡಾಕ್ಟರು ಮೊದಲು, "ನಿಮಗೆ ಏನಾಗಿದೆ ಅಂತ ಅಂದುಕೊಂಡಿದ್ದೀರಿ? ಎಲ್ಲವನ್ನೂ ನಿಮಗೇ ಹೇಳಲಾ, ಮನೆಯವರಿಗೆ ಹೇಳಲಾ?" ಎಂದು ಕೇಳಲಿ. ಕೊನೆಗೆ, "ಮನೆಗೆ ಹೋಗಿ ಇದನ್ನು ಹೇಗೆ ವಿವರಿಸುತ್ತೀರಿ?" ಎಂದೂ ಕೇಳಲಿ. ಸುಮ್ನೆ ತಲೆಯಾಡಿಸಿದರೆ ಅರ್ಥವಾಗಿದೆ ಅಂತಲ್ಲ. ಆಪರೇಷನ್ ಯಾಕೆ, ಏನು ತೆಗೆಯುತ್ತಾರೆ, ಅಪಾಯವೇನು, ಬೇರೆ ದಾರಿ ಇದೆಯಾ ಅನ್ನುವುದು ತಿಳಿಯದೆ ಹಾಕಿದ ಸಹಿ ಒಪ್ಪಿಗೆಯಲ್ಲ, ಅಲ್ವಾ?

"ಅಮ್ಮ ಕುಸಿದುಬಿಟ್ಟರೆ?" ಅಳಬಹುದು. ಆಗ ತಕ್ಷಣ ಸಮಾಧಾನ ಹೇಳಲು ಹೋಗಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಪಕ್ಕದಲ್ಲಿರಿ.

ಮುಂದಿನ ಭೇಟಿಯಲ್ಲಿ ನರ್ಸ್ ಒಬ್ಬರು ಮಾತು ದಾಟಿಸಿದರು. ಕಾಯಿಲೆಯ ಹೆಸರು, ಆಪರೇಷನ್, ಔಷಧಿಯ ತೊಂದರೆ ಎಲ್ಲ ನನಗೇ ಹೇಳಿ ಎಂದರಂತೆ ತಾಯಿ. ಎಷ್ಟು ದಿನ ಬದುಕುತ್ತೇನೆ ಅನ್ನುವುದು ಮಾತ್ರ ಬೇಡ, ಅದನ್ನು ದೊಡ್ಡ ಮಗನಿಗೆ ಹೇಳಿ ಎಂದರು. ಇಷ್ಟು ದಿನ ಓಡಾಡಿದ ಮಗಳಿಗೆ ಇದರಿಂದ ಬೇಜಾರಾಯಿತು, ಸಹಜವೇ. ಆದರೂ ಆಯ್ಕೆ ತಾಯಿಯದು. ಆ ಮನಸ್ಸು ಬದಲಾಗಲೂಬಹುದು, ಹಾಗಾಗಿ ಪ್ರತಿ ಭೇಟಿಯಲ್ಲೂ ಮತ್ತೆ ಕೇಳುವಂತೆ ಡಾಕ್ಟರಿಗೆ ತಿಳಿಸಲು ಹೇಳಿದ್ದೇನೆ.